ಹಡಗು, ಬಾಕ್ಸಿಂಗ್, ಇಸ್ಪೀಟು: ಇಂಗ್ಲಿಷ್ ನುಡಿಗಟ್ಟುಗಳು ನನಗೆ ದಕ್ಕಿದ ಬಗೆ

ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ನಾನು ಬಾಯಿಪಾಠ ಮಾಡುವುದಿಲ್ಲ. ಅಕ್ಷರಾನುಕ್ರಮದಲ್ಲಿ ಜೋಡಿಸಿ, ಪಕ್ಕದಲ್ಲಿ ಒಂದು ಸಾಲಿನ ಅರ್ಥ ಕೊಟ್ಟ ಪಟ್ಟಿ ಪರೀಕ್ಷೆಗೆ ಸಾಕಾಗಬಹುದು; ಕಾದಂಬರಿ ಓದುವಾಗ, ಮೀಟಿಂಗಿನಲ್ಲಿ ಕೂತಾಗ ಅದು ಕೈಕೊಡುತ್ತದೆ. ನನ್ನ ನೋಟ್‌ಬುಕ್ಕಿನ ಪುಟಗಳಿಗೆ ಹಡಗು, ಬಾಕ್ಸಿಂಗ್, ಇಸ್ಪೀಟು, ಬೇಟೆ, ಬೈಬಲ್ ಎಂದು ಹೆಸರಿಟ್ಟಿದ್ದೇನೆ. ಹೊಸ ಮಾತು ಎದುರಾದಾಗ ಮೊದಲು ಹುಡುಕುವುದು ಅದು ಮೂಲತಃ ಯಾರ ಬಾಯಲ್ಲಿತ್ತು ಎಂಬುದನ್ನು. ಅರ್ಥ ಆಮೇಲೆ.

ಬಾಕ್ಸಿಂಗ್ ಪುಟವನ್ನೇ ತೆಗೆದುಕೊಳ್ಳಿ. 'ಥ್ರೋ ಇನ್ ದ ಟವೆಲ್' ಎಂದರೆ ಸೋಲೊಪ್ಪಿಕೊಳ್ಳುವುದು, ಸರಿ. ಆದರೆ ರಿಂಗಿನೊಳಗೆ ಟವೆಲ್ ಎಸೆಯುವುದು ಹೊಡೆತ ತಿನ್ನುತ್ತಿರುವವನ ಕಡೆಯವನು, ಮೂಲೆಯಲ್ಲಿ ನಿಂತವನು. ಇಷ್ಟು ಸಾಕು, ಪಂದ್ಯ ನಿಲ್ಲಿಸಿ ಎಂಬ ಸೂಚನೆ ಅದು. ಹಾಗಾಗಿ ಒಂದೇಟೂ ತಿನ್ನದೆ ಹಿಂದೆ ಸರಿದವನಿಗೆ ಈ ಮಾತು ನನ್ನ ಕಿವಿಗೆ ಒಗ್ಗುವುದಿಲ್ಲ. 'ಆನ್ ದ ರೋಪ್ಸ್' ಅದಕ್ಕಿಂತ ಒಂದು ಹೆಜ್ಜೆ ಮುಂಚಿನ ಸ್ಥಿತಿ: ಹಗ್ಗಕ್ಕೆ ಒರಗಿದ್ದಾನೆ, ಇನ್ನೂ ನೆಲಕ್ಕೆ ಬಿದ್ದಿಲ್ಲ. 'ಸೇವ್ಡ್ ಬೈ ದ ಬೆಲ್' ಎಂದರೆ ಸುತ್ತು ಮುಗಿದ ಗಂಟೆ ಬಡಿದು ಸದ್ಯಕ್ಕೆ ಪಾರಾದ, ಮುಂದಿನ ಸುತ್ತು ಕಾದಿದೆ. ಮೂರನ್ನೂ ಒಂದೇ ಪುಟದಲ್ಲಿಟ್ಟು ನೋಡಿದಾಗ, ಪತ್ರಿಕೆಯೊಂದು ಯಾವುದೋ ಸರ್ಕಾರ 'ಆನ್ ದ ರೋಪ್ಸ್' ಎಂದು ಬರೆದರೆ ಅದು ಉರುಳಿತು ಎಂದು ಓದುವ ಪ್ರಮೇಯವೇ ಬರುವುದಿಲ್ಲ.

ಹಡಗಿನ ಪುಟ ಎಲ್ಲಕ್ಕಿಂತ ದೊಡ್ಡದು. 'ಟೇಕನ್ ಅಬ್ಯಾಕ್': ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಬಡಿದು ಹಾಯಿಯನ್ನು ಕಂಬಕ್ಕೆ ಒತ್ತಿಬಿಡುತ್ತದೆ, ಹಡಗು ಇದ್ದಲ್ಲೇ ತತ್ತರಿಸುತ್ತದೆ. ಬರೀ 'ಆಶ್ಚರ್ಯವಾಯಿತು' ಎನ್ನುವುದಕ್ಕಿಂತ 'ಗಕ್ಕನೆ ನಿಂತುಬಿಟ್ಟೆ' ಎನ್ನುವುದಕ್ಕೆ ಇದು ಹತ್ತಿರ. 'ತ್ರೀ ಶೀಟ್ಸ್ ಟು ದ ವಿಂಡ್' ಎಂದರೆ ಕುಡಿದು ತೂರಾಡುವವನು. ಶೀಟ್ ಎಂದರೆ ಹಾಯಿ ಎಂದುಕೊಂಡರೆ ತಲೆಬುಡ ತಿಳಿಯದು. ನಾವಿಕರ ಮಾತಿನಲ್ಲಿ ಅದು ಹಾಯಿಯನ್ನು ಹಿಡಿದಿಡುವ ಹಗ್ಗ. ಮೂರು ಹಗ್ಗ ಸಡಿಲವಾದರೆ ಹಡಗು ಹೇಗೆ ಓಲಾಡೀತು ಎಂದು ಊಹಿಸಿಕೊಂಡ ಮೇಲೆ ಈ ಮಾತನ್ನು ಮರೆತದ್ದಿಲ್ಲ. ಇಸ್ಪೀಟಿನ ಪುಟದಲ್ಲಿ 'ಪಾಸ್ ದ ಬಕ್' ಇದೆ, ಅಂದರೆ ಹೊಣೆಯನ್ನು ಇನ್ನೊಬ್ಬರಿಗೆ ದಾಟಿಸುವುದು. ಪೋಕರ್ ಆಟದಲ್ಲಿ ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಮುಂದಿಡುತ್ತಿದ್ದ ಗುರುತೇ ಬಕ್. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ತಮ್ಮ ಮೇಜಿನ ಮೇಲೆ 'ದ ಬಕ್ ಸ್ಟಾಪ್ಸ್ ಹಿಯರ್' ಎಂಬ ಫಲಕ ಇಟ್ಟುಕೊಂಡಿದ್ದರು. ಹೊಣೆ ಇಲ್ಲಿಂದ ಮುಂದೆ ಜಾರುವುದಿಲ್ಲ ಎಂದು.

ಆದರೆ ಮೂಲದ ಕಥೆ ಸೊಗಸಾಗಿದ್ದಷ್ಟೂ ನನಗೆ ಅನುಮಾನ ಜಾಸ್ತಿ. ಧೋ ಎಂದು ಮಳೆ ಸುರಿಯುವುದಕ್ಕೆ ಹೇಳುವ 'ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಹುಲ್ಲಿನ ಸೂರಿನಲ್ಲಿ ಮಲಗಿದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಬಂತಂತೆ. ಆಧಾರವೇ ಇಲ್ಲದ ಕಥೆ. ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲಿ ಈ ಮಾತು ಬಳಸಿದ್ದು ದಾಖಲಾಗಿದೆ, ಹುಟ್ಟು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಜೀವಂತ ಹೂತುಹೋದವನು ಬಾರಿಸಲೆಂದು ಹೆಣದ ಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು, 'ಸೇವ್ಡ್ ಬೈ ದ ಬೆಲ್' ಅಲ್ಲಿಂದ ಬಂತು ಎನ್ನುವುದೂ ಇದೇ ಜಾತಿಯದು. ಮಾತು ಮೊದಲು ಬರಹದಲ್ಲಿ ಕಂಡದ್ದು ಯಾವಾಗ ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ನೋಡಿಯೇ ಪುಟಕ್ಕೆ ಸೇರಿಸುತ್ತೇನೆ.

ಗಾದೆಗಳ ತೊಡಕು ಬೇರೆ. ಅವನ್ನು ಯಾರೂ ಪೂರ್ತಿ ಹೇಳುವುದಿಲ್ಲ. 'ವೆನ್ ಇನ್ ರೋಮ್...' ಎಂದು ಬಿಟ್ಟುಬಿಡುತ್ತಾರೆ; 'ರೋಮಿನವರು ಮಾಡುವಂತೆ ಮಾಡು' ಎಂಬ ಬಾಲವನ್ನು ಕೇಳುವವರೇ ತುಂಬಿಕೊಳ್ಳಬೇಕು. 'ಬರ್ಡ್ಸ್ ಆಫ್ ಎ ಫೆದರ್' (ಒಂದೇ ಗರಿಯ ಹಕ್ಕಿಗಳು) ಕೂಡ ಹಾಗೆಯೇ; 'ಒಟ್ಟಿಗೆ ಸೇರುತ್ತವೆ' ಎಂಬುದು ಅದರ ಬಾಲ. ಅದಕ್ಕೇ ಗಾದೆಗಳನ್ನು ಬರೆದಿಡುವಾಗ ಅರ್ಧಕ್ಕೆ ಗೆರೆ ಎಳೆದು ಎರಡು ತುಂಡಾಗಿ ಬರೆಯುತ್ತೇನೆ.

ಕನ್ನಡದಲ್ಲಿ ಜೋಡಿ ಸಿಕ್ಕಿದರೆ ಖುಷಿಯೇ. ಕೆಟ್ಟ ಕೆಲಸಗಾರ ಹತಾರವನ್ನು ದೂರಿದ ಎಂಬ ಗಾದೆಗೆ ಕುಣಿಯಲಾರದವಳು ನೆಲ ಡೊಂಕು ಎಂದದ್ದು ಅಚ್ಚುಕಟ್ಟಾಗಿ ಕೂರುತ್ತದೆ. ಎಲ್ಲ ಗಾದೆಗಳೂ ಹಾಗೆ ಕೂರುವುದಿಲ್ಲ. 'ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್' (ಉರುಳುವ ಕಲ್ಲಿಗೆ ಪಾಚಿ ಕಟ್ಟದು) ಹಳೆಯ ಅರ್ಥದಲ್ಲಿ ಒಂದೆಡೆ ನಿಲ್ಲದವನಿಗೆ ಹೇಳಿದ ಎಚ್ಚರಿಕೆ. ಅಲ್ಲಿ ಪಾಚಿ ಎಂದರೆ ಗಳಿಕೆ. ಇಂದು ಪಾಚಿಯನ್ನೇ ಜಡತೆ ಎಂದು ಬಗೆದು ಇದನ್ನು ಹೊಗಳಿಕೆಯಾಗಿ ಹೇಳುವವರೂ ಇದ್ದಾರೆ. ಹೇಳಿದವರ ದನಿ ಕೇಳದೆ ತೀರ್ಮಾನಿಸುವಂತಿಲ್ಲ. 'ದ ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್' ಇನ್ನೂ ಮೋಜಿನದು. 'ಭಾನುವಾರ ಪ್ರವೇಶ ಉಚಿತ' ಎಂಬ ಫಲಕ ಕಂಡರೆ ಉಳಿದ ದಿನ ಹಣ ಕೊಡಬೇಕೆಂದು ತಾನೇ ತಿಳಿಯುತ್ತದಲ್ಲ, ಕಾನೂನಿನ ಲ್ಯಾಟಿನ್ ಸೂತ್ರದಿಂದ ಬಂದ ಈ ಗಾದೆಯ ಹಳೆಯ ಅರ್ಥ ಅಷ್ಟೆ. ಅಪವಾದವೊಂದು ಸಿಕ್ಕಿದ್ದರಿಂದಲೇ ನನ್ನ ಮಾತು ಸಾಬೀತಾಯಿತು ಎಂದು ವಾದಿಸುವವರನ್ನು ಕಂಡರೆ ನನಗೆ ನಗು.

ಅರ್ಥವಾದದ್ದನ್ನೆಲ್ಲ ಬಳಸುವುದಿಲ್ಲ. 'ಕಿಕ್ ದ ಬಕೆಟ್' ಎಂದರೆ ಸಾಯುವುದೇ, ಆದರೆ ಸಂತಾಪದ ಪತ್ರದಲ್ಲಿ ಬರೆದರೆ ಸಂಬಂಧ ಕೆಟ್ಟೀತು. ಅಂಥವುಗಳ ಮುಂದೆ ಕೆಂಪು ಚುಕ್ಕೆ ಇಟ್ಟಿದ್ದೇನೆ. ಇನ್ನು ಕೆಲವಕ್ಕೆ ದೇಶದ ಹೆಸರೂ ಬೇಕು. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ಎತ್ತಿಕೊಳ್ಳೋಣ ಎಂದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಎರಡೂ ಕಡೆಯವರಿರುವ ಸಭೆಯಲ್ಲಿ ಈ ಪದ ಕಿವಿಗೆ ಬಿದ್ದರೆ, 'ಈಗಲೇ ಮಾತಾಡುವುದಾ, ಆಮೇಲಾ?' ಎಂದು ನೇರವಾಗಿ ಕೇಳಿಬಿಡುತ್ತೇನೆ.