ವಿಜ್ಞಾನ ಮೇಳಕ್ಕೆ ಪ್ಲಾಸ್ಟರಿನ ಆರ್ಕಿಯಾಪ್ಟೆರಿಕ್ಸ್

ಕಾಸರಗೋಡಿನ ಶಾಲಾ ಮೇಳಗಳಿಗೆ ಈ ಮಾದರಿ ಮಾಡುವ ಮಕ್ಕಳು ಮೊದಲು ಎಡವುವುದು ಬಾಲದಲ್ಲಿ. ಈಗಿನ ಹಕ್ಕಿಗಳಂತೆ ಮೊಂಡು ಬಾಲ ಇಟ್ಟರೆ ಕೆಲಸ ಕೆಟ್ಟಿತು. ಸುಮಾರು 15 ಕೋಟಿ ವರ್ಷ ಹಿಂದಿನ ಈ ಹಕ್ಕಿಗೆ 20ಕ್ಕೂ ಹೆಚ್ಚು ಮಣಿಗಳಿದ್ದ ಮೂಳೆಯ ಬಾಲ, ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರಿರುವ ಮೂರು ಬೆರಳು. ನೋಡಿ ಮಾಡಲು ಬರ್ಲಿನ್ ಮ್ಯೂಸಿಯಮ್ಮಿನ ಪಳೆಯುಳಿಕೆಯ ಚಿತ್ರವೇ ವಾಸಿ: ರೆಕ್ಕೆ ಬಿಚ್ಚಿದೆ, ಕತ್ತು ಹಿಂದಕ್ಕೆ ಬಾಗಿದೆ.

ಅರ್ಧ ಅಳತೆಗೆ 30×25 ಸೆಂ.ಮೀ. ಚೌಕಟ್ಟು ಸಾಕು. 6 ಸೆಂ.ಮೀ. ಅಗಲದ ಅಡಿಕೆ ಹಾಳೆಯ ಪಟ್ಟಿಗಳನ್ನು ಹೊಲಿದು ನಿಲ್ಲಿಸಿ, ಒಳಗೆ 3 ಸೆಂ.ಮೀ. ದಪ್ಪಕ್ಕೆ ಆವೆಮಣ್ಣು ತಟ್ಟಿ. ತೆಂಗಿನೆಣ್ಣೆ ಹಾಳೆಗೆ ಮಾತ್ರ. ಮಣ್ಣಿಗೆ ಹಚ್ಚಿದರೆ ಗರಿಯ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಮಣ್ಣು ಬಿಗಿಯಾಗಲಿ.

ಮೊದಲು ಗರಿ. ಕೋಳಿಯ ರೆಕ್ಕೆಯಂಚಿನದೇ ಬೇಕು: ದಂಟಿನ ಒಂದು ಬದಿ ಕಿರಿದು, ಇನ್ನೊಂದು ಅಗಲ. ಆರ್ಕಿಯಾಪ್ಟೆರಿಕ್ಸಿನ ರೆಕ್ಕೆಗರಿಯೂ ಹಾಗೆಯೇ. ಎದೆಯ ಗರಿ ಎರಡೂ ಬದಿ ಸಮ, ಅದು ಬೇಡ. ಗರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಾಟಲಿ ಉರುಳಿಸಿ, ದಂಟು ಹಿಡಿದು ಎತ್ತಿ. ಬಾಲದ ಎರಡೂ ಬದಿಗೆ ಸಣ್ಣ ಗರಿಗಳನ್ನು ಜೋಡಿಜೋಡಿಯಾಗಿ ಒತ್ತಿ. ಆಮೇಲೆ ಮೂಳೆ: ಹಿಡಿಸೂಡಿ ಕಡ್ಡಿ ಅಡ್ಡ ಒತ್ತಿದರೆ ಪಕ್ಕೆಲುಬು, ಕಡ್ಡಿಯ ತುದಿಯಿಂದ ಸಾಲಾಗಿ ಚುಚ್ಚಿದರೆ ಬಾಲದ ಮಣಿ. ಮಣ್ಣಿನಲ್ಲಿ ಎಡಕ್ಕಿದ್ದದ್ದು ಪ್ಲಾಸ್ಟರಿನಲ್ಲಿ ಬಲಕ್ಕೆ ಬರುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡೇ ಒತ್ತಿ.

2 ಸೆಂ.ಮೀ. ದಪ್ಪದ ಹಲಗೆಗೆ 1.4 ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್, 1 ಲೀಟರ್ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು. ಪುಡಿಗೆ ನೀರು ಹೊಯ್ದರೆ ಗಂಟು. ಎರಡು ನಿಮಿಷ ನೆನೆಯಲು ಬಿಟ್ಟು, ಗುಳ್ಳೆ ಏಳದಂತೆ ಮೆಲ್ಲಗೆ ಕಲಸಿ, ಒಂದು ಮೂಲೆಯಿಂದ ಹೊಯ್ಯಿರಿ. ಕಡಲ ಬದಿಯ ಉಪ್ಪುಬಾವಿಯ ನೀರು ಬೇಡ, ಉಪ್ಪಿದ್ದರೆ ಹೊಯ್ಯುವ ಮೊದಲೇ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಹಳೆ ಪುಡಿಯ ಗಟ್ಟಿತನಕ್ಕೂ ಭರವಸೆಯಿಲ್ಲ. ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಮಕ್ಕಳು ಕೈ ಅದ್ದದಿರಲಿ.

ಒಂದು ಗಂಟೆ ಬಿಟ್ಟು ಹಾಳೆ ಬಿಚ್ಚಿ, ಮಣ್ಣು ಸುಲಿದು, ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ತುಲಾಮಳೆಯ ತೇವದಲ್ಲಿ ಪೂರ್ತಿ ಒಣಗಲು ವಾರವೂ ಬೇಕಾದೀತು. ಅವಸರಕ್ಕೆ ವಾರ್ನಿಷ್ ಬಳಿದರೆ ಸಿಪ್ಪೆಯೇಳುತ್ತದೆ.

ಬಣ್ಣಕ್ಕೆ ತೆಳು ಚಹಾ ಡಿಕಾಕ್ಷನ್, ಮೂಳೆಗಳ ಮೇಲೆ ಇನ್ನೆರಡು ಕೈ. ನಮ್ಮ ಮುರಕಲ್ಲಿನ ಕೆಂಪು ಬಳಿಯಬೇಡಿ. ಈ ಪಳೆಯುಳಿಕೆ ಸಿಕ್ಕಿದ್ದು ಜರ್ಮನಿಯ ಸೋಲ್ನ್‌ಹೋಫೆನ್ ಕಡೆಯ ತಿಳಿಹಳದಿ ಸುಣ್ಣಕಲ್ಲಿನಲ್ಲಿ. ಉಳಿದ ಪ್ಲಾಸ್ಟರನ್ನು ಬಚ್ಚಲಿಗೆ ಸುರಿದರೆ ಪೈಪು ಕಟ್ಟುತ್ತದೆ. ಬಕೆಟಿನಲ್ಲೇ ಗಟ್ಟಿಯಾಗಲು ಬಿಟ್ಟು ತಟ್ಟಿ ತೆಗೆಯಿರಿ.