ಒಂಬತ್ತು ಶಾಖೆಗಳ ಸರ್ವರ್‌ಗಳಿಗೆ ಪಿಂಗ್ ಚೆಕ್ ಹಾಕಿದ್ದು: ನನ್ನ ಅನುಭವ

ಶಿವಮೊಗ್ಗದ ಒಂದು ಸಹಕಾರಿ ಸಂಘದ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಹೆಡ್ ಆಫೀಸ್ ಊರಲ್ಲೇ ಇದೆ. 9 ಶಾಖೆಗಳು ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ ಅಂತ ಹರಡಿಕೊಂಡಿವೆ. ಪ್ರತಿ ಶಾಖೆಯಲ್ಲೂ ಒಂದು ಸರ್ವರ್, ಒಂದು ರೂಟರ್, ಅಲ್ಲಿಂದ ಹೆಡ್ ಆಫೀಸಿಗೆ ವಿಪಿಎನ್ (ಇಂಟರ್ನೆಟ್ ಮೇಲೆ ಹಾಕಿದ ಖಾಸಗಿ ಸಂಪರ್ಕ). ಯಾವುದಾದರೂ ಸರ್ವರ್ ನಿಂತುಹೋದರೆ ಕೌಂಟರ್ ಮುಂದೆ ಜನ ಸೇರುವ ಮೊದಲೇ ನನಗೆ ಗೊತ್ತಾಗಬೇಕಿತ್ತು.

ಮೊದಲು ಮಾಡಿದ್ದು ಸುಲಭದ ದಾರಿ. ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಒಂದು ಸ್ಕ್ರಿಪ್ಟ್, ನಿಮಿಷಕ್ಕೊಮ್ಮೆ ಪ್ರತಿ ಐಪಿಗೆ ಪಿಂಗ್, ಅಂದರೆ ಇದ್ದೀಯಾ ಅಂತ ಕೇಳುವ ಒಂದೇ ಒಂದು ಪುಟ್ಟ ಪ್ಯಾಕೆಟ್, ಉತ್ತರ ಬರದಿದ್ದರೆ ಟೆಲಿಗ್ರಾಂಗೆ ಮೆಸೇಜ್. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಮಳೆ ಹಿಡಿದ ಮೇಲೆ ರಾತ್ರಿಯೆಲ್ಲಾ ಮೆಸೇಜ್ ಬರೋಕೆ ಶುರು, ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಸರ್ವರ್ ಆರಾಮಾಗಿ ಓಡುತ್ತಿರುತ್ತಿದ್ದವು. ಮಲೆನಾಡಿನ ಲೈನ್‌ಗಳಲ್ಲಿ ಆಗಾಗ ಒಂದು ಪ್ಯಾಕೆಟ್ ಕಳೆದುಹೋಗುವುದು ಮಾಮೂಲು, ಅದಕ್ಕೆಲ್ಲಾ ಸರ್ವರ್ ಸತ್ತಿದೆ ಅಂತ ಕೂಗಬಾರದು ಅಲ್ವಾ. ಆಮೇಲೆ ಪ್ಯಾಕೆಟ್ ಸಂಖ್ಯೆಯನ್ನು 5 ಮಾಡಿದೆ. ಆಗ ಇನ್ನೊಂದು ತೊಂದರೆ. ಲಿನಕ್ಸ್‌ನ ಪಿಂಗ್ ಐದರಲ್ಲಿ ಒಂದೇ ಉತ್ತರ ಬಂದರೂ ಎಕ್ಸಿಟ್ ಕೋಡ್ 0 (ಕೆಲಸ ಸರಿಯಾಗಿ ಮುಗಿಯಿತು ಅನ್ನುವ ಗುರುತು) ಕೊಡುತ್ತದೆ. ಅಂದರೆ 80 ಪರ್ಸೆಂಟ್ ಪ್ಯಾಕೆಟ್ ಹೋದರೂ ನನ್ನ ಸ್ಕ್ರಿಪ್ಟಿನ ಲೆಕ್ಕದಲ್ಲಿ ಎಲ್ಲಾ ಸರಿ ಇದೆ.

ಹಾಗಾಗಿ ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಅದರ ಚೆಕ್-ಐಸಿಎಂಪಿ ಪ್ಲಗಿನ್ (ಐಸಿಎಂಪಿ ಅಂದರೆ ಪಿಂಗ್ ಬಳಸುವ ಪ್ರೋಟೋಕಾಲ್) ಉತ್ತರಕ್ಕೆ ಹಿಡಿದ ಸಮಯ, ಕಳೆದುಹೋದ ಪ್ಯಾಕೆಟ್‌ಗಳ ಪರ್ಸೆಂಟ್, ಎರಡನ್ನೂ ನೋಡುತ್ತದೆ. ನಾವೇನೂ ಹೇಳದಿದ್ದರೆ 200 ಮಿಲಿಸೆಕೆಂಡ್ ಅಥವಾ 40 ಪರ್ಸೆಂಟ್‌ಗೆ ವಾರ್ನಿಂಗ್, 500 ಅಥವಾ 80ಕ್ಕೆ ಕ್ರಿಟಿಕಲ್. ಒಂದೇ ಅಳತೆಯನ್ನು ಎಲ್ಲದಕ್ಕೂ ಹಾಕಬೇಡಿ. ಹೆಡ್ ಆಫೀಸಿನ ಒಳಗಿನ ಸರ್ವರ್‌ಗಳಿಗೆ ನಾನು 20 ಮತ್ತು 100 ಮಿಲಿಸೆಕೆಂಡ್ ಇಟ್ಟೆ, ಯಾಕೆಂದರೆ ಅಲ್ಲಿ ಮಾಮೂಲಿ ಉತ್ತರ ಒಂದು ಮಿಲಿಸೆಕೆಂಡಿಗೂ ಕಡಿಮೆ, 20 ಆಯಿತು ಅಂದರೆ ಆಗಲೇ ಸ್ವಿಚ್‌ನಲ್ಲೋ ಕೇಬಲ್‌ನಲ್ಲೋ ಏನೋ ಕೆಟ್ಟಿದೆ. ಶಾಖೆಗಳಿಗೆ 250 ಮತ್ತು 600. ಒಂದು ವಾರ ಸುಮ್ನೆ ಓಡಲು ಬಿಟ್ಟು, ಬಂದ ಅಂಕಿಗಳನ್ನು ನೋಡಿ ಆಮೇಲೆ ಇದನ್ನು ಇಟ್ಟಿದ್ದು.

ಮೆಸೇಜ್‌ಗಳನ್ನು ನಿಜವಾಗಿ ಕಡಿಮೆ ಮಾಡಿದ್ದು ಬೇರೆ ಎರಡು ಸೆಟ್ಟಿಂಗ್. ಒಂದು, ಮ್ಯಾಕ್ಸ್ ಚೆಕ್ ಅಟೆಂಪ್ಟ್ಸ್ 4. ಮೊದಲ ಸಲ ಫೇಲ್ ಆದಾಗ ನಾಗಿಯೋಸ್ ಯಾರಿಗೂ ಹೇಳುವುದಿಲ್ಲ, ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ, ನಾಲ್ಕನೇ ಸಲವೂ ಉತ್ತರ ಇಲ್ಲದಿದ್ದರೆ ಮಾತ್ರ ಮೆಸೇಜ್. ಮೂರು ನಿಮಿಷ ತಡವಾಗುತ್ತದೆ, ಆಗಲಿ, ನಮ್ಮ ಕೆಲಸಕ್ಕೆ ಅದು ನಡೆಯುತ್ತದೆ. ಎರಡನೆಯದು ಪೇರೆಂಟ್ಸ್, ಅಂದರೆ ಯಾವುದನ್ನು ಯಾವುದರ ಮೂಲಕ ತಲುಪಬೇಕು ಅನ್ನುವುದು. ಶಾಖೆಯ ಸರ್ವರ್‌ಗೆ ಆ ಶಾಖೆಯ ರೂಟರ್ ಪೇರೆಂಟ್, ಆ ರೂಟರ್‌ಗೆ ಹೆಡ್ ಆಫೀಸಿನ ರೂಟರ್ ಪೇರೆಂಟ್. ಹೀಗೆ ಹೇಳಿಕೊಟ್ಟರೆ ಲೈನ್ ಹೋದಾಗ ರೂಟರ್ ಮಾತ್ರ ಡೌನ್, ಅದರ ಹಿಂದಿನ ಸರ್ವರ್ ಅನ್‌ರೀಚಬಲ್ ಅಂತ ಬೇರೆ ಮಾಡಿ ತೋರಿಸುತ್ತದೆ. ಅನ್‌ರೀಚಬಲ್‌ಗೆ ಮೆಸೇಜ್ ಬೇಡ ಅಂತ ತೆಗೆದುಬಿಟ್ಟೆ. ಈಗ ಮೆಸೇಜ್ ನೋಡಿದ ಕೂಡಲೇ ಲೈನ್‌ನವರಿಗೆ ಫೋನ್ ಮಾಡಬೇಕೋ ಶಾಖೆಗೆ ಮಾಡಬೇಕೋ ಗೊತ್ತಾಗುತ್ತದೆ.

ಸಾಗರದ ಶಾಖೆಯಲ್ಲಿ ವಿಂಡೋಸ್ ಸರ್ವರ್. ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ, ಇನ್‌ಬೌಂಡ್ ರೂಲ್ಸ್‌ನಲ್ಲಿ ಎಕೋ ರಿಕ್ವೆಸ್ಟ್ ಅಂತ ಇರುವ ರೂಲ್ ಆನ್ ಮಾಡಿ, ನಾಗಿಯೋಸ್ ಮೆಷಿನ್ನಿನ ಐಪಿಗೆ ಮಾತ್ರ ಬಿಡಬೇಕು. ಫೈರ್‌ವಾಲ್ ಮುಟ್ಟುವಾಗ ಒಂದು ಮಾತು: ಭದ್ರತೆ ಅಂತ ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ. ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಕಳಿಸು ಅಂತ ಹೇಳುವ ಸಂದೇಶವೂ ಅದರಲ್ಲೇ ಬರುತ್ತದೆ. ಅದು ನಿಂತರೆ ವಿಪಿಎನ್ ಮೇಲೆ ಲಾಗಿನ್ ಆಗುತ್ತದೆ, ದೊಡ್ಡ ರಿಪೋರ್ಟ್ ತೆಗೆಯಲು ಹೋದರೆ ಅಲ್ಲೇ ನಿಲ್ಲುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಈ ಸಾಗರದ ಸರ್ವರೇ. ಒಂದು ಬೆಳಿಗ್ಗೆ ಹತ್ತೂವರೆಗೆ ಮ್ಯಾನೇಜರ್ ಮೇಡಂ ಫೋನ್ ಮಾಡಿದರು.

"ಸರ್, ಪಾಸ್‌ಬುಕ್ ಎಂಟ್ರಿ ಆಗ್ತಿಲ್ಲ, ಜನ ಕ್ಯೂ ನಿಂತಿದ್ದಾರೆ."

ನನ್ನ ಪರದೆಯಲ್ಲಿ ಸಾಗರ ಹಸಿರಾಗಿತ್ತು. "ಮೇಡಂ, ಇಲ್ಲಿ ಸರ್ವರ್ ಆನ್ ಅಂತಲೇ ತೋರಿಸ್ತಿದೆಯಲ್ಲ."

"ನಾನು ಅದರ ಪಕ್ಕದಲ್ಲೇ ನಿಂತಿದ್ದೀನಿ ಸರ್. ಒಂದು ಲೈಟೂ ಉರೀತಿಲ್ಲ."

ಸರ್ವರ್ ಬಟನ್ ಒತ್ತಬೇಡಿ, ಎರಡು ನಿಮಿಷ ಕೊಡಿ ಅಂದು ಕೈಯಾರೆ ಪಿಂಗ್ ಮಾಡಿದೆ. ಉತ್ತರ ಬರುತ್ತಿತ್ತು, ಸಮಯವೂ ಸರಿಯಾಗೇ ಇತ್ತು. ಕೊನೆಗೆ ಕಣ್ಣಿಗೆ ಬಿದ್ದಿದ್ದು ಟಿಟಿಎಲ್, ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗುವ ಸಂಖ್ಯೆ. ವಿಂಡೋಸ್ ಸಾಮಾನ್ಯವಾಗಿ 128ರಿಂದ ಶುರು ಮಾಡುತ್ತದೆ, ಮಧ್ಯೆ ಎರಡು ರೂಟರ್ ಇರುವುದರಿಂದ ನನಗೆ ಯಾವಾಗಲೂ 126 ಕಾಣುತ್ತಿತ್ತು. ಅವತ್ತು 62. ಅಂದರೆ 64ರಿಂದ ಶುರು ಮಾಡುವ ಲಿನಕ್ಸ್ ಥರದ ಯಾವುದೋ ಸಾಧನ ಅದೇ ಐಪಿಯಲ್ಲಿ ಕೂತು ಉತ್ತರ ಕೊಡುತ್ತಿದೆ. ಶಾಖೆಯ ರೂಟರ್‌ಗೆ ಲಾಗಿನ್ ಆಗಿ ಯಾವ ಐಪಿ ಯಾವ ಸಾಧನದ್ದು ಅಂತ ತೋರಿಸುವ ಎಆರ್‌ಪಿ ಟೇಬಲ್ ನೋಡಿದರೆ ಆ ಐಪಿಯ ಎದುರು ಬೇರೆಯೇ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು). ಅದು ಸಿಸಿಟಿವಿಯ ರೆಕಾರ್ಡಿಂಗ್ ಪೆಟ್ಟಿಗೆ, ಡಿವಿಆರ್.

ಆಗಿದ್ದು ಇಷ್ಟು. ರಾತ್ರಿ ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಮುಗಿದು ಎಲ್ಲಾ ಆಫ್ ಆಗಿದೆ. ಕರೆಂಟ್ ಬಂದಾಗ ಡಿವಿಆರ್ ತಾನಾಗಿ ಆನ್ ಆಗಿದೆ, ಸರ್ವರ್ ಆಗಿಲ್ಲ. ಸರ್ವರ್‌ಗೆ ನಾನು ಕೈಯಾರೆ ಕೊಟ್ಟಿದ್ದ, .10ರಲ್ಲಿ ಮುಗಿಯುವ ಐಪಿ ರೂಟರ್‌ನ ಡಿಎಚ್‌ಸಿಪಿ ಪೂಲ್ (ರೂಟರ್ ತಾನಾಗಿ ಹಂಚುವ ಐಪಿಗಳ ಗುಂಪು) ಒಳಗೇ ಇತ್ತು, ಯಾರೂ ಬಳಸುತ್ತಿಲ್ಲ ಅಂತ ರೂಟರ್ ಅದನ್ನು ಡಿವಿಆರ್‌ಗೆ ಕೊಟ್ಟುಬಿಟ್ಟಿದೆ. ಮೂರು ನಿಮಿಷಕ್ಕಿಂತ ಜಾಸ್ತಿ ಸರ್ವರ್ ಇರಲಿಲ್ಲ ನಿಜ, ಆದರೆ ಆ ಹೊತ್ತು ಲೈನೂ ಇರಲಿಲ್ಲ. ಹಾಗಾಗಿ ಅನ್‌ರೀಚಬಲ್ ಲೆಕ್ಕಕ್ಕೆ ಹೋಗಿ ಸರ್ವರ್ ಡೌನ್ ಅಂತ ಮೆಸೇಜೂ ಬಂದಿಲ್ಲ.

ಡಿವಿಆರ್ ಕೇಬಲ್ ತೆಗೆಸಿ ಸರ್ವರ್ ಆನ್ ಮಾಡಿಸಿದೆ, ಹನ್ನೊಂದರ ಹೊತ್ತಿಗೆ ಕೌಂಟರ್ ಶುರುವಾಯಿತು. ಅದೇ ವಾರ ಪೂಲ್ ಅನ್ನು 100ರಿಂದ 199ಕ್ಕೆ ಸರಿಸಿದೆ, ಕೈಯಾರೆ ಕೊಡುವ ಐಪಿಗಳೆಲ್ಲಾ 100ರ ಕೆಳಗೆ. ಸರ್ವರ್‌ನ ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಅನ್ನುವ ಸೆಟ್ಟಿಂಗ್ ಹಾಕಿದೆ. ಪಿಂಗ್ ಜೊತೆಗೆ ಡೇಟಾಬೇಸ್‌ನ 1433 ಪೋರ್ಟ್‌ಗೂ ಒಂದು ಟಿಸಿಪಿ ಚೆಕ್ (ಆ ಪೋರ್ಟ್ ಸಂಪರ್ಕ ತೆಗೆದುಕೊಳ್ಳುತ್ತಿದೆಯಾ ಅಂತ ನೋಡುವುದು) ಸೇರಿಸಿದೆ.

ಪಿಂಗ್‌ನ ಸ್ವಭಾವವೇ ಅಷ್ಟು. ಮೈಕ್ ಮೂಸ್ 1983ರಲ್ಲಿ ಅದನ್ನು ಬರೆದಿದ್ದು ನೆಟ್‌ವರ್ಕ್‌ನ ತೊಂದರೆ ಹುಡುಕಲು, ಹೆಸರಿಟ್ಟಿದ್ದು ಸೋನಾರ್ ಸದ್ದಿನ ಮೇಲೆ. ಸದ್ದು ಯಾವುದಕ್ಕೆ ತಾಗಿ ವಾಪಸ್ ಬಂತು ಅಂತ ಅದು ಹೇಳುವುದಿಲ್ಲ. ಸರ್ವರ್ ಸರಿಯಾದದ್ದೇ ಆಗಿದ್ದರೂ ಉತ್ತರ ಕೊಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ನಮ್ಮ ಸಾಫ್ಟ್‌ವೇರ್ ಅಲ್ಲ. ಸೊರಬದಲ್ಲಿ ಡಿಸ್ಕ್ ತುಂಬಿ ಡೇಟಾಬೇಸ್ ನಿಂತ ದಿನವೂ ಪಿಂಗ್‌ಗೆ ಒಂದು ಪ್ಯಾಕೆಟ್ ಕೂಡ ತಪ್ಪದೆ ಉತ್ತರ ಬರುತ್ತಿತ್ತು. ಆದರೂ ಪಿಂಗ್ ಚೆಕ್ ತೆಗೆಯಬೇಡಿ. ಪೋರ್ಟ್ ಚೆಕ್ ಫೇಲ್ ಆಗಿ ಪಿಂಗ್ ಬರುತ್ತಿದ್ದರೆ ಸಾಫ್ಟ್‌ವೇರ್ ಕಡೆಯಿಂದ ಹುಡುಕುತ್ತೇನೆ, ಎರಡೂ ಇಲ್ಲದಿದ್ದರೆ ಮೊದಲು ಕರೆಂಟ್ ಇದೆಯಾ ಅಂತ ಕೇಳುತ್ತೇನೆ.

ಉಳಿದ ಶಾಖೆಗಳ ರೂಟರ್ ತೆಗೆದು ನೋಡಿದಾಗ ಇನ್ನೂ ನಾಲ್ಕು ಕಡೆ ಸರ್ವರ್ ಐಪಿ ಪೂಲ್ ಒಳಗೇ ಇತ್ತು. ಎರಡನ್ನು ಸರಿ ಮಾಡಿದ್ದೇನೆ. ಹೊಸನಗರ ಮತ್ತು ತೀರ್ಥಹಳ್ಳಿಯದ್ದು ಬಾಕಿ ಇದೆ, ಎರಡನೇ ಶನಿವಾರ ಹೋಗುವಾಗ ಸರ್ವರ್ ಕೇಬಲ್ ಕಿತ್ತು ನಾಲ್ಕನೇ ನಿಮಿಷಕ್ಕೆ ಮೆಸೇಜ್ ಬರುತ್ತದಾ ಅಂತ ಅಲ್ಲೇ ನಿಂತು ನೋಡಿ ಬರುತ್ತೇನೆ.