ನಮ್ಮ ಆರ್‌ವಿ, ಇಲಿ ಮತ್ತು ಒಂದು ಹಿಡಿ ರಂಗೋಲಿ ಪುಡಿ

ಏಪ್ರಿಲ್ ಕೊನೆಯ ಒಂದು ಶನಿವಾರ. ಆರು ತಿಂಗಳು ಬೀಗ ಹಾಕಿಟ್ಟಿದ್ದ ನಮ್ಮ ಆರ್‌ವಿಯ, ಅಂದರೆ ಪ್ರವಾಸಕ್ಕೆ ಒಯ್ಯುವ ಗಾಲಿ ಮನೆಯ, ಬಾಗಿಲು ತೆಗೆದೆ. ಗಬ್ಬು ವಾಸನೆ ಮೂಗಿಗೆ ಹೊಡೆಯಿತು. ಚಮಚದ ಡ್ರಾಯರ್ ಎಳೆದರೆ ಒಳಗೆಲ್ಲ ಇಲಿ ಹಿಕ್ಕೆ. ಮಗಳ ದಿಂಬು ಹರಿದು, ಅದರ ಹತ್ತಿಯೆಲ್ಲ ಸೋಫಾದ ಕೆಳಗೆ ಗೂಡಾಗಿತ್ತು. ಧಾರವಾಡದಿಂದ ಅವ್ವ ಹೊಲಿದು ಕಳಿಸಿದ್ದ ಕೌದಿಯ ಒಂದು ಮೂಲೆ ಪೂರ್ತಿ ಹೋಗಿತ್ತು. ದಿಂಬು ಹೋದರೆ ಇನ್ನೊಂದು ತರಬಹುದು. ಕೌದಿ ನೋಡಿ ಮಾತ್ರ ನನಗೆ ಅಳುವೇ ಬಂತು.

ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿ. ನಮ್ಮದು ಪಿಕಪ್ ಟ್ರಕ್ ಹಿಂದೆ ಕಟ್ಟಿ ಎಳೆಯುವ 22 ಅಡಿಯ ಟ್ರೈಲರ್. ಸೆಕೆಂಡ್ ಹ್ಯಾಂಡ್. ಒಳಗೇ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇದೆ. ನಮ್ಮ ಬಡಾವಣೆಯ ನಿಯಮದ ಪ್ರಕಾರ ಅದನ್ನು ಮನೆ ಮುಂದೆ ನಿಲ್ಲಿಸುವಂತಿಲ್ಲ. ಅಕ್ಟೋಬರ್‌ನಲ್ಲಿ ಪೈಪಿನ ನೀರೆಲ್ಲ ಬಸಿದು, ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ (ಆಂಟಿಫ್ರೀಜ್) ತುಂಬಿ, ಊರಾಚೆಯ ಬಾಡಿಗೆ ಜಾಗದಲ್ಲಿ ನಿಲ್ಲಿಸಿ ಬಂದಿದ್ದೆವು. ಬೇಲಿಯ ಆಚೆ ಒಣಹುಲ್ಲಿನ ಬಯಲು. ಹೆಪ್ಪುಗಟ್ಟುವ ಚಳಿಯಲ್ಲಿ ಬಯಲಿನ ಇಲಿಗೆ ಬೆಚ್ಚಗಿನ ಮನೆ ಬೇಕಲ್ವಾ? ನಾವೇ ತಂದು ಎದುರಿಗೆ ನಿಲ್ಲಿಸಿದ್ದೆವು.

ನಾನು ಕಸಬರಿಗೆ ಕೈಗೆತ್ತಿಕೊಂಡಿದ್ದೆ. ಜೊತೆಗೆ ಬಂದಿದ್ದ ಗೆಳತಿ ನರ್ಸ್. "ಗುಡಿಸಬೇಡ್ರೀ, ಮೊದಲು ಹೊರಗ ಬರ್ರಿ" ಅಂದಳು. ಇಲ್ಲಿ ಡಿಯರ್ ಮೌಸ್ ಎಂಬ ಇಲಿ ಜಾಸ್ತಿ. ಬೆನ್ನು ಕಂದು, ಹೊಟ್ಟೆ ಮತ್ತು ಪಾದ ಬಿಳಿ, ಕಣ್ಣು ಕಿವಿ ದೊಡ್ಡವು. ನೋಡಲು ಮುದ್ದಾಗಿರುತ್ತದೆ. ಆದರೆ ಅದರ ಹಿಕ್ಕೆ, ಮೂತ್ರ, ಜೊಲ್ಲಿನಲ್ಲಿ ಹಂಟಾ ವೈರಸ್ ಇರಬಹುದು. ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಆ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಕಾಯಿಲೆ ತಗುಲಿ ಶ್ವಾಸಕೋಶಕ್ಕೆ ಇಳಿದರೆ ಹತ್ತರಲ್ಲಿ ಸುಮಾರು ನಾಲ್ಕು ಜನ ಉಳಿಯುವುದಿಲ್ಲ. 1993ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದೇ ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ, ಯೂಟಾ ಕೂಡುವ ಮೂಲೆಯಲ್ಲಿ. 2012ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕ್‌ಗೆ ಹೋಗಿ ಬಂದ 10 ಜನರಿಗೆ ಇದು ತಗುಲಿ, ಮೂವರು ಸತ್ತರು. ಹೆಚ್ಚಿನವರು ಉಳಿದಿದ್ದು ಟೆಂಟ್ ಕ್ಯಾಬಿನ್‌ಗಳಲ್ಲಿ. ಅವುಗಳ ಎರಡು ಪದರದ ಗೋಡೆಯೊಳಗೆ ಇಲಿ ಗೂಡು ಕಟ್ಟಿದ್ದವು. ಆರ್‌ವಿಯ ಗೋಡೆಯೂ ಹಾಗೇ ಟೊಳ್ಳು. ಇದನ್ನು ತಿಳಿದ ಮೇಲೆ ಇಲಿ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಕ್ಲೀನ್ ಮಾಡಿದ್ದು ಹೀಗೆ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗೇ ನಿಂತೆವು. ಗ್ಲೌಸ್, ಎನ್95 ಮಾಸ್ಕ್ ಹಾಕಿಕೊಂಡೆವು. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಮತ್ತು ಗೂಡು ಪೂರ್ತಿ ತೊಯ್ಯುವಂತೆ ಚಿಮುಕಿಸಿದೆವು. ಐದು ನಿಮಿಷ ಬಿಟ್ಟು ಪೇಪರ್ ಟವೆಲ್‌ನಲ್ಲಿ ಒರೆಸಿ, ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆವು. ಕಸಬರಿಗೆ ಇಲ್ಲ, ವ್ಯಾಕ್ಯೂಮ್ ಇಲ್ಲ. ಎರಡು ದಿನ ಹಿಡಿಯಿತು.

ಆಮೇಲೆ ಎಲ್ಲರ ಸಲಹೆ ಶುರುವಾಯಿತು. ಪುದೀನ ಎಣ್ಣೆ ಅದ್ದಿದ ಹತ್ತಿ ಇಡಿ, ಬಟ್ಟೆ ಒಣಗಿಸುವ ಡ್ರೈಯರ್‌ಗೆ ಹಾಕುವ ಸುವಾಸನೆಯ ಹಾಳೆ ಇಡಿ, ಕಿವಿಗೆ ಕೇಳದ ಸದ್ದು ಮಾಡುವ ಮೆಷಿನ್ ಸಿಕ್ಕಿಸಿ ಅಂತ. ಹಿಂದಿನ ಮಾಲೀಕರೂ ಆ ಹಾಳೆಗಳನ್ನು ಇಟ್ಟಿದ್ದರು ಅಂತ ಕಾಣುತ್ತದೆ. ಇಲಿ ಅದನ್ನೇ ಚೂರು ಮಾಡಿ ಗೂಡಿಗೆ ಹಾಸಿಕೊಂಡಿತ್ತು. ಸದ್ದಿನ ಮೆಷಿನ್ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿದೆ, ಆಧಾರವಿಲ್ಲದೆ ಏನೇನೋ ಹೇಳಬೇಡಿ ಅಂತ. ಪಾಷಾಣ ನಾನು ಬೇಡವೇ ಬೇಡ ಅಂದೆ. ವಿಷ ತಿಂದ ಇಲಿ ಗೋಡೆಯೊಳಗೆ ಹೋಗಿ ಸಾಯಬಹುದು, ತೆಗೆಯಲು ಗೋಡೆ ಒಡೆಯಬೇಕು. ಹೊರಗೆ ಹೋದರೆ ಅದನ್ನು ಹಿಡಿದು ತಿನ್ನುವ ಗೂಬೆ, ನರಿಗೂ ಆ ವಿಷ ಹೋಗುತ್ತದೆ.

ಕಂಡಿ ಮುಚ್ಚದೆ ಬೇರೆ ಏನು ಮಾಡಿದರೂ ಸುಮ್ನೆ ದುಡ್ಡು ದಂಡ. ಪೆನ್ಸಿಲ್ ದಪ್ಪದ ಕಂಡಿ, ಅಂದರೆ ಸುಮಾರು 6 ಮಿಲಿಮೀಟರ್ ಇದ್ದರೆ ಸಾಕು, ಈ ಇಲಿ ಒಳಗೆ ತೂರುತ್ತದೆ. ಟ್ರೈಲರ್ ಕಟ್ಟುವವರು ಅರ್ಧ ಇಂಚಿನ ಪೈಪಿಗೆ ಎರಡು ಇಂಚಿನ ತೂತು ಕೊರೆದು ಹಾಗೇ ಬಿಟ್ಟಿರುತ್ತಾರೆ. ಅದು ಸಿಂಕ್ ಹಿಂದೆ, ಮಂಚದ ಕೆಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಹುಡುಕಲು ಒಂದು ಉಪಾಯ ಮಾಡಿದೆವು. ಕತ್ತಲಾದ ಮೇಲೆ ಕಿಟಕಿ ಪರದೆ ಎಳೆದು, ಒಳಗಿನ ದೀಪ ಆರಿಸಿ, ನಾನೂ ಮಗಳೂ ಒಳಗೆ ಕೂತೆವು. ನಮ್ಮವರು ಹೊರಗೆ ನೆಲದ ಮೇಲೆ ಅಂಗಾತ ಮಲಗಿ, ಟ್ರೈಲರ್ ಹೊಟ್ಟೆಗೆ ದೊಡ್ಡ ಟಾರ್ಚ್ ಬಿಡುತ್ತಾ ಇಂಚಿಂಚೇ ಸರಿದರು. ಮಗಳು ಸಿಂಕ್ ಕೆಳಗಿನ ಕಪಾಟಿನಲ್ಲಿ ತಲೆ ಇಟ್ಟುಕೊಂಡಿದ್ದಳು. "ಅಮ್ಮಾ, ಇಲ್ಲಿ ಬೆಳಕು!" ಡ್ರೈನ್ ಪೈಪಿನ ಸುತ್ತ ಬಳೆಯ ಹಾಗೆ ಬೆಳಕು ಕಾಣುತ್ತಿತ್ತು. ಹೀಗೆ ಏಳು ಕಡೆ ಸಿಕ್ಕಿತು. ಸಿಕ್ಕಿದ ಕಡೆಯೆಲ್ಲ ಕೆಂಪು ಟೇಪ್ ಅಂಟಿಸಿದೆವು.

ಮುಚ್ಚಲು ತಾಮ್ರದ ಜಾಲರಿ ತಂದೆ. ಪಾತ್ರೆ ತಿಕ್ಕುವ ನಾರಿನಂತೆಯೇ ಇರುತ್ತದೆ, ಸುರುಳಿಯಲ್ಲಿ ಸಿಗುತ್ತದೆ. ಉಕ್ಕಿನ ಎಳೆಯ ನಾರು (ಸ್ಟೀಲ್ ವುಲ್) ಅಗ್ಗ, ಆದರೆ ತೇವಕ್ಕೆ ತುಕ್ಕು ಹಿಡಿದು ಒಂದೆರಡು ವರ್ಷದಲ್ಲಿ ಉದುರುತ್ತದೆ. ಜಾಲರಿಯನ್ನು ಸ್ಕ್ರೂಡ್ರೈವರ್‌ನಿಂದ ಬಿಗಿಯಾಗಿ ತುರುಕಿ, ಮೇಲೆ ಸಂದಿ ಮುಚ್ಚುವ ಅಂಟು (ಸೀಲಂಟ್) ಎಳೆದೆ. ಬರೀ ಫೋಮ್ ಹಾಕಿದರೆ ಇಲಿ ಒಂದೇ ರಾತ್ರಿಯಲ್ಲಿ ಕಡಿದು ದಾರಿ ಮಾಡುತ್ತದೆ. ದೊಡ್ಡ ತೂತುಗಳಿಗೆ ಕಾಲು ಇಂಚಿನ ಕಣ್ಣಿನ ತಂತಿ ಬಲೆ ಕತ್ತರಿಸಿ ಸ್ಕ್ರೂ ಹಾಕಿದೆವು.

ಎಲ್ಲ ತೂತನ್ನೂ ಮುಚ್ಚಬಾರದು, ಇದನ್ನು ದಯವಿಟ್ಟು ಗಮನಿಸಿ. ಗ್ಯಾಸ್ ಸಿಲಿಂಡರ್ ಮತ್ತು ಬ್ಯಾಟರಿ ಇರುವ ಕಡೆ ಗಾಳಿಯಾಡುವ ತೂತು ಬೇಕೇ ಬೇಕು. ಇಲ್ಲದಿದ್ದರೆ ಗ್ಯಾಸ್ ಒಳಗೇ ತುಂಬಿಕೊಳ್ಳುತ್ತದೆ. ಒಳಗೆ ಬೆಚ್ಚಗಿಡುವ ಫರ್ನೇಸ್ ಹೊಗೆ ಬಿಡುವ ಬಾಯಿಗೆ ನಾವು ತಂತಿ ಬಲೆ ಕಟ್ಟುವುದು ಗಾಡಿ ನಿಂತಿರುವ ಚಳಿಗಾಲದಲ್ಲಿ ಮಾತ್ರ. ಕಟ್ಟಿದ ದಿನವೇ ಒಳಗೆ ಫರ್ನೇಸ್ ಸ್ವಿಚ್‌ಗೆ ಕೆಂಪು ರಿಬ್ಬನ್ ಕಟ್ಟುತ್ತೇನೆ. ಬಲೆ ಬಿಚ್ಚದೆ ಯಾರೂ ಸ್ವಿಚ್ ಹಾಕುವಂತಿಲ್ಲ.

ಆ ಅಕ್ಟೋಬರ್‌ನಲ್ಲಿ ಗಾಡಿಯನ್ನು ಬೇಲಿಯಿಂದ ದೂರ, ಜಲ್ಲಿ ಹಾಕಿದ ಜಾಗಕ್ಕೆ ಬದಲಾಯಿಸಿಕೊಂಡೆವು. ತಿನ್ನುವ ವಸ್ತು ಒಂದು ಕಾಳೂ ಬಿಡಲಿಲ್ಲ. ಸೋಪು, ಕ್ಯಾಂಡಲ್ ಕೂಡ ಮನೆಗೆ. ದಿಂಬು, ಹೊದಿಕೆ, ಕೌದಿ ಎಲ್ಲ ಮನೆಗೆ. ಗೋಡೆಗುಂಟ ಎಂಟು ಸ್ನ್ಯಾಪ್ ಟ್ರ್ಯಾಪ್ (ತಿಂಡಿ ಎಳೆದರೆ ಪಟ್ಟನೆ ಬಡಿಯುವ ಇಲಿ ಬೋನು) ಇಟ್ಟೆವು, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ. ಇಲ್ಲಿನವರು ಪೀನಟ್ ಬಟರ್ ಹಚ್ಚುತ್ತಾರೆ. ಊರಲ್ಲಿ ಅವ್ವ ಇಲಿ ಬೋನಿಗೆ ಒಣಕೊಬ್ಬರಿ ಚೂರನ್ನು ಒಲೆಯಲ್ಲಿ ಸುಟ್ಟು ಸಿಕ್ಕಿಸುತ್ತಿದ್ದಳು. ನಾನೂ ಗ್ಯಾಸ್ ಉರಿಗೆ ಹಿಡಿದು, ಅಂಚು ಕಪ್ಪಾಗಿ ಎಣ್ಣೆ ಒಸರುವವರೆಗೆ ಸುಟ್ಟು, ದಾರದಿಂದ ಬಿಗಿದು ಕಟ್ಟಿದೆ. ಪೀನಟ್ ಬಟರ್ ನೆಕ್ಕಿ ಹೋಗಬಹುದು, ಕೊಬ್ಬರಿಯನ್ನು ಮಾತ್ರ ಎಳೆಯಲೇಬೇಕು.

ನವೆಂಬರ್‌ನಲ್ಲಿ ಹೋಗಿ ನೋಡಿದರೆ ಒಂದು ಇಲಿ ಬಿದ್ದಿತ್ತು. ಅಂದರೆ ಇನ್ನೊಂದು ಕಂಡಿ ಉಳಿದಿದೆ. ನನ್ನ ಲೆಕ್ಕದಲ್ಲಿ ಟ್ರ್ಯಾಪ್ ಇರುವುದು ಇದನ್ನು ತಿಳಿಸುವುದಕ್ಕೇ. ಆದರೆ ಎಲ್ಲಿಂದ ಬಂತು? ಮನೆಯಲ್ಲಿ ರಂಗೋಲಿ ಪುಡಿ ಇತ್ತು. ಕಲ್ಲಿನ ಪುಡಿ, ಇಲಿ ತಿನ್ನುವುದಿಲ್ಲ. ನೆಲದ ಮೇಲೆ, ಕಪಾಟುಗಳೊಳಗೆ ಜರಡಿ ಹಿಡಿದು ತೆಳ್ಳಗೆ ಉದುರಿಸಿ ಬಂದೆ. ಮುಂದಿನ ಭಾನುವಾರ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಬಿಳಿ ಪುಡಿಯ ಮೇಲೆ ಸಾಸಿವೆಯಷ್ಟು ಚಿಕ್ಕ ಬೆರಳ ಗುರುತುಗಳು, ನಡುವೆ ಬಾಲ ಎಳೆದ ಸಣ್ಣ ಗೆರೆ. ಆ ಗೆರೆ ನೇರ ಮಂಚದ ಕೆಳಗಿನ ಕರೆಂಟ್ ಪೆಟ್ಟಿಗೆಯ ಹಿಂದಕ್ಕೆ ಹೋಗಿತ್ತು. ಹಲಗೆ ಬಿಚ್ಚಿದರೆ, ಹೊರಗಿನಿಂದ ದಪ್ಪ ಕೇಬಲ್ ಬರುವ ಕಡೆ ಎರಡು ಬೆರಳು ತೂರುವಷ್ಟು ಜಾಗ! ಆ ರಾತ್ರಿ ಟಾರ್ಚ್ ಬಿಟ್ಟಾಗ ಹಲಗೆ ಅಡ್ಡ ಇದ್ದಿದ್ದರಿಂದ ಬೆಳಕು ಕಂಡಿರಲಿಲ್ಲ. ಕೇಬಲ್‌ನ ಕರೆಂಟ್ ತೆಗೆದು, ಬ್ಯಾಟರಿ ವೈರ್ ಬಿಚ್ಚಿ, ಲೋಹ ವೈರಿಗೆ ತಾಗದ ಹಾಗೆ ಹಲಗೆಯ ಅಂಚಿಗೆ ಮಾತ್ರ ತಂತಿ ಬಲೆ ಹೊಡೆದು, ಉಳಿದ ಸಂದಿಗೆ ರಬ್ಬರ್ ಬಳೆ ಕೂರಿಸಿದೆವು.

ಅದಾದ ಮೇಲೆ ಎರಡು ಚಳಿಗಾಲ ಕಳೆದಿವೆ. ಎರಡು ವಾರಕ್ಕೊಮ್ಮೆ ಹೋಗಿ ಪುಡಿ ನೋಡುವುದನ್ನು ಬಿಟ್ಟಿಲ್ಲ. ಹಿಕ್ಕೆ ಇಲ್ಲ, ಹೆಜ್ಜೆ ಇಲ್ಲ. ಕೌದಿಯ ಮೂಲೆಗೆ ನನ್ನ ಹಳೇ ಇಳಕಲ್ ಸೀರೆಯ ತುಂಡು ಹಚ್ಚಿ ಹೊಲಿದಿದ್ದೇನೆ, ಬೇಸಿಗೆಯಲ್ಲಿ ಅದು ನಮ್ಮ ಜೊತೆಗೇ ಬರುತ್ತದೆ. ಈಗ ನನಗೆ ಅನುಮಾನ ಇರುವುದು ಒಂದೇ ಕಡೆ. ಸೋಫಾ ಇರುವ ಭಾಗ ಹೊರಕ್ಕೆ ಸರಿಯುತ್ತದಲ್ಲ, ಅದರ ಹಿಂದಿನ ಮೂಲೆಯ ರಬ್ಬರ್ ಬಿಸಿಲಿಗೆ ಬಿರುಕು ಬಿಟ್ಟಿದೆ. ಪೆನ್ಸಿಲ್ ಇನ್ನೂ ತೂರುವುದಿಲ್ಲ, ತೂರಿಸಿಯೇ ನೋಡಿದ್ದೇನೆ. ಹೊಸ ರಬ್ಬರ್ ತಂದಿಟ್ಟಿದ್ದೇವೆ, ಸೆಪ್ಟೆಂಬರ್‌ನಲ್ಲಿ ಮೊದಲ ಕೆಲಸ ಅದೇ.